ಎಳೆಗೆ ಅಡ್ಡ ಗೆರೆ

ಶಂಭುಲಿಂಗಪ್ಪ ತನ್ನ ಮನೆ ಬಾಗಿಲಿಗೆ ಬಂದೇ ಬರುತ್ತಾನೆಂದು ಗುರವ್ವನಿಗೆ ಎರಡು ವರ್ಷದಿಂದ ಗೊತ್ತಿತ್ತು. ಯಾವ ದಿನ ಎನ್ನುವುದಷ್ಟೇ ಗೊತ್ತಿರಲಿಲ್ಲ. ಹಾಗಾಗಿ ಎಂಬತ್ತೊಂಬತ್ತನೆಯ ಇಸವಿಯ ಜನವರಿಯ ಒಂದು ರವಿವಾರ, ಬೆಳಗಿನ ಗಾಡಿ ಅಣ್ಣಿಗೇರಿ ಸ್ಟೇಶನ್ನಿನಲ್ಲಿ ನಿಂತು ಹೋದ ಅರ್ಧ ತಾಸಿಗೆ, ಬಗಲಲ್ಲಿ ಚರ್ಮದ ಚೀಲ ಹಿಡಿದುಕೊಂಡು ಅವನು ಹತ್ತಿ ಬಿಡಿಸುವ ಜಿನ್ನಿನ ಓಣಿಯಲ್ಲಿ ಮನೆ ಕೇಳುತ್ತ ಬರುವುದನ್ನು ಕಂಡಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಖುಷಿಯಾಯಿತು. ಹೊಟ್ಟೆಯ ತಳದಿಂದ ಎದ್ದ ಖುಷಿ. ಅದನ್ನು ಮುಚ್ಚಿಡುವ ಜರೂರಿ ಅವಳಿಗೂ ಇರಲಿಲ್ಲ, ಹೇಳುವ ನನಗೂ ಇಲ್ಲ.

ಈ ಶಂಭುಲಿಂಗಪ್ಪ ಗುಡಗೇರಿಯ ಕಾಳಿನ ವ್ಯಾಪಾರಿಗಳ ಮನೆತನದವನು. ಓದಿನಲ್ಲಿ ಜಾಣ, ಮಾತಿನಲ್ಲಿ ಅದಕ್ಕಿಂತ ಜಾಣ. ಮುಂಬಯಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ದೊಡ್ಡ ಕುರ್ಚಿಯ ಮೇಲೆ ಕೂತಿದ್ದ. ಗುರವ್ವ ಡಾಕ್ಟರೇಟಿಗೆಂದು ಅಲ್ಲಿಗೆ ಹೋದಾಗ "ನಮ್ಮ ಕಡಿ ಹುಡುಗಿ" ಎಂದು ಎಲ್ಲರಿಗೂ ತೋರಿಸಿ ತನ್ನ ಕೈಕೆಳಗೆ ಸೇರಿಸಿಕೊಂಡಿದ್ದ. ನಮ್ಮ ಕಡೆಯವನು ಎಂಬ ಒಂದೇ ಮಾತಿಗೆ ಇವಳೂ ನಾಲ್ಕು ವರ್ಷ ನಂಬಿ ಕತ್ತು ಬಗ್ಗಿಸಿ ದುಡಿದಳು.

ದುಡಿದದ್ದು ಒಂದು ಹೊಸ ಜಾತಿಯ ಪ್ಲಾಸ್ಟಿಕ್ಕಿನ ಮೇಲೆ. ದ್ರವಸ್ಫಟಿಕ ಪಾಲಿಮರ್ ಎಂದು ಅದರ ಹೆಸರು. ಆಗ ತಾನೇ ಹೊರದೇಶದ ಕಾರಖಾನೆಗಳಿಂದ ಹೊರಬೀಳುತ್ತಿತ್ತು. ಬೇರೆ ಪ್ಲಾಸ್ಟಿಕ್ಕಿನ ಅಣುಗಳು ಸಿಕ್ಕು ಸಿಕ್ಕಾಗಿ ಬಿದ್ದಿರುತ್ತವೆ. ಇದರ ಅಣುಗಳು ಉದ್ದನೆಯ ಗಟ್ಟಿ ಕಡ್ಡಿಗಳು. ಕರಗಿದಾಗಲೂ ಒಂದರ ಬಾಜು ಒಂದು ಸಾಲಾಗಿಯೇ ನಿಲ್ಲುತ್ತವೆ. ಅಚ್ಚಿನ ಬಾಯಿಯಿಂದ ಒಳಗೆ ಒತ್ತಿ ಹರಿಸಿದರೆ ಹರಿದ ದಿಕ್ಕಿಗೇ ಮಲಗಿ ಹಾಗೇ ಹೆಪ್ಪುಗಟ್ಟುತ್ತವೆ. ಇಷ್ಟು ಎಲ್ಲರಿಗೂ ಗೊತ್ತಿತ್ತು. ಆದರೆ ಅಚ್ಚಿನ ಗೋಡೆಗೆ ತಾಗಿದ ತೀರಾ ಮೇಲಿನ ತೊಗಲಿನಲ್ಲಿ, ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನಷ್ಟು ತೆಳುವಾದ ಪದರಿನಲ್ಲಿ, ಅವು ಯಾವ ಕಡೆಗೆ ಮಲಗಿವೆ, ಎಷ್ಟು ನೆಟ್ಟಗೆ ಮಲಗಿವೆ ಎಂದು ಅಳೆದವರು ಕಡಿಮೆ. ಕ್ಷಕಿರಣ ಹಾಯಿಸಿದರೆ ಅದು ಇಡೀ ಮೈಯನ್ನು ಹಾದುಹೋಗಿ ಇಡೀ ಮೈಯ ಸುದ್ದಿ ಹೇಳುತ್ತದೆ. ತೊಗಲನ್ನಷ್ಟೇ ಮಾತಾಡಿಸಬೇಕಲ್ಲ?

ಗುರವ್ವ ಮಾತಾಡಿಸಿದಳು. ಒಂದು ಗಟ್ಟಿ ಹರಳಿನೊಳಗೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬಿಟ್ಟು, ಹರಳಿನ ಬೆನ್ನಿಗೆ ಪ್ಲಾಸ್ಟಿಕ್ ಬಿಲ್ಲೆಯನ್ನು ಒತ್ತಿದರೆ, ಬೆಳಕು ಬಿಲ್ಲೆಯ ತೊಗಲನ್ನಷ್ಟೇ ಮುಟ್ಟಿ ತಿರುಗಿ ಬರುತ್ತದೆ. ಬೆಳಕಿನ ಕಂಪನ ಅಣುವಿನ ಉದ್ದಕ್ಕೆ ಹೊಂದಿದರೆ ಅಣು ಅದನ್ನು ಹೆಚ್ಚು ನುಂಗುತ್ತದೆ, ಅಡ್ಡವಾದರೆ ಕಡಿಮೆ. ಒಮ್ಮೆ ಹೀಗಿಟ್ಟು ಅಳೆ, ಒಮ್ಮೆ ಕಾಲು ಸುತ್ತು ತಿರುಗಿಸಿಟ್ಟು ಅಳೆ, ಎರಡನ್ನೂ ಹೋಲಿಸು. ಹೇಳಲು ಸುಲಭ. ಆದರೆ ಬಿಲ್ಲೆಯನ್ನು ಒಮ್ಮೆ ಒತ್ತಿದ ಹಾಗೆ ಇನ್ನೊಮ್ಮೆ ಒತ್ತಲು ಬರುವುದಿಲ್ಲ. ಒತ್ತಡ ಒಂದಿಷ್ಟು ಹೆಚ್ಚುಕಡಿಮೆಯಾದರೆ ಲೆಕ್ಕವೆಲ್ಲ ಮಣ್ಣುಪಾಲು. ಆ ಒಂದು ತೊಡಕಿಗೆ ಅವಳ ಎಂಟು ತಿಂಗಳು ಹೋದವು. ಕಡೆಗೆ ಬಿಲ್ಲೆಗಳನ್ನು ಚೊಕ್ಕ ಚೌಕಾಗಿ ಕತ್ತರಿಸಿ, ಸ್ಪ್ರಿಂಗು ಕಟ್ಟಿದ ಒಂದೇ ತಿರುಪಿನಿಂದ ಒತ್ತಿ, ಯಾವ ದಿಕ್ಕಿಗಿಟ್ಟರೂ ಬದಲಾಗದ ಬೆಳಕಿನ ಒಂದು ಹೀರಿಕೆಯನ್ನು ಹುಡುಕಿ, ಅದರಿಂದ ಪ್ರತಿ ಅಳತೆಯನ್ನೂ ಭಾಗಿಸಿ ಗೆದ್ದಳು. ಆ ದಿನ ಕ್ಯಾಂಟೀನಿನಲ್ಲಿ ಎರಡು ಪ್ಲೇಟು ಶಿರಾ ತಿಂದಳು.

ಚೌಕಾಗಿ ಕತ್ತರಿಸಿದ ಬಿಲ್ಲೆಗೆ ಉದ್ದವಿಲ್ಲ, ಅಗಲವಿಲ್ಲ. ಪಾಲಿಮರ್ ಯಾವ ಕಡೆಯಿಂದ ಹರಿದು ಬಂತೆಂದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕಾಗಿ ಅಚ್ಚಿನಿಂದ ಬಂದ ದೊಡ್ಡ ಫಲಕವನ್ನು ಕತ್ತರಿಸುವ ಮೊದಲೇ ಪ್ರತಿ ಬಿಲ್ಲೆಯ ಬೆನ್ನಿಗೆ ಅವಳು ಒಂದು ಕೆಂಪು ಶಾಯಿಯ ಗೆರೆ ಎಳೆದಳು. ಹರಿವಿಗೆ ಅಡ್ಡವಾಗಿ ಎಳೆದಳು.

ಯಾಕೆ ಅಡ್ಡವಾಗಿ ಎಂದು ಅವಳು ಯೋಚಿಸಿಯೂ ಇರಲಿಲ್ಲ. ಅವಳ ಅಪ್ಪ ಈರಬಸಪ್ಪ ನಲವತ್ತು ವರ್ಷ ಅಣ್ಣಿಗೇರಿಯ ಜಿನ್ನಿನಲ್ಲಿ ಹತ್ತಿಯ ಎಳೆ ನೋಡಿದವನು. ಒಂದು ಚಿಟಿಕೆ ಹತ್ತಿ ತೆಗೆದು, ಎರಡೂ ಹೆಬ್ಬೆರಳುಗಳ ನಡುವೆ ಎಳೆದು, ಮಡಿಸಿ, ಮತ್ತೆ ಎಳೆದು, ಎಳೆಗಳೆಲ್ಲ ಒಂದೇ ಕಡೆಗೆ ಮಲಗುವ ತನಕ ಬಿಡುತ್ತಿರಲಿಲ್ಲ. ಆಮೇಲೆ ಕರಿ ಬಟ್ಟೆಯ ಮೇಲೆ ಹಾಸಿ, ಎಳೆ ಮುಗಿಯುವಲ್ಲಿ ಅಡ್ಡ ಗೆರೆ ಎಳೆದು ಅಳತೆ ಹೇಳುತ್ತಿದ್ದ. ಗೆರೆ ಎಂದರೆ ಎಳೆಗೆ ಅಡ್ಡ. ಆ ಓಣಿಯ ಹುಡುಗರಿಗೆ ಅದು ಬೇರೆ ಹೇಳಿಕೊಡಬೇಕಾದ ವಿಷಯವಲ್ಲ. ಗುರವ್ವನ ಕೈ ಮುಂಬಯಿಯಲ್ಲಿಯೂ ಅಪ್ಪನ ಕೈಯಾಗಿಯೇ ಉಳಿದಿತ್ತು. ಅಳತೆ ಬರೆಯುವ ವಹಿಯಲ್ಲಿ ಕೂಡ "ಗೆರೆಯ ಗುಂಟ ಇಷ್ಟು, ಗೆರೆಗೆ ಅಡ್ಡ ಇಷ್ಟು" ಎಂದಷ್ಟೇ ಬರೆದಿಟ್ಟಿದ್ದಳು.

ಅಳತೆಗಳೆಲ್ಲ ಮುಗಿದು, ಪ್ರಬಂಧ ಬರೆಯಲು ಕೂರಬೇಕು ಎನ್ನುವಾಗ ಊರಿಂದ ತಂತಿ ಬಂತು. ಅಪ್ಪನ ಕಣ್ಣಿನ ಪೊರೆ ತೆಗೆದದ್ದು ಕೆಟ್ಟಿತ್ತು. ಒಂದು ಕಣ್ಣು ಹೋಯಿತು, ಇನ್ನೊಂದು ಮಬ್ಬಾಯಿತು. ಗುರವ್ವ ಒಂದು ತಿಂಗಳು ರಜೆ ಹಾಕಿ ಬಂದಳು. ಬರುವಾಗ ಕತ್ತರಿಸದ ಒಂದು ಇಡೀ ಫಲಕವನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಕಲ್ಲಿನಂಥ ಪ್ಲಾಸ್ಟಿಕ್ಕಿಗೂ ಹತ್ತಿಯ ಹಾಗೆ ಎಳೆಯಿದೆ ಎಂದು ಅಪ್ಪನ ಬೆರಳಿಗೆ ತೋರಿಸುವ ಆಸೆ.

ಫಲಕವನ್ನು ಅಪ್ಪನ ಹತ್ತಿರವೇ ಬಿಟ್ಟು ಮುಂಬಯಿಗೆ ತಿರುಗಿ ಹೋದಾಗ ಅವಳ ಮೇಜಿನ ಮೇಲೆ ಬೇರೆ ಯಾರದೋ ಊಟದ ಡಬ್ಬಿ ಇತ್ತು. ವಹಿ ಇರಲಿಲ್ಲ, ಬಿಲ್ಲೆಗಳೂ ಇರಲಿಲ್ಲ. ಶಂಭುಲಿಂಗಪ್ಪ ತಲೆ ಎತ್ತದೆ ಹೇಳಿದ್ದ: "ಯಂತ್ರ ಸಂಸ್ಥಾದ್ದು, ಕಾಗದ ಸಂಸ್ಥಾದ್ದು, ಅಂದ್ರ ವಹಿನೂ ಸಂಸ್ಥಾದ್ದ. ನೀ ಹೆಣ್ಮಗಳು, ಅಪ್ಪನ್ನ ನೋಡ್ಕೊ. ಈ ಕೆಲಸ ನಿನ್ನಿಂದ ಆಗಂಗಿಲ್ಲ." ನಾಲ್ಕು ವರ್ಷವನ್ನು ನಾಲ್ಕು ಮಾತಿನಲ್ಲಿ ಕಿತ್ತುಕೊಂಡ. ಗುರವ್ವ ಊರಿಗೆ ಬಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರಿಕೆ ಹಿಡಿದಳು.

ಎಂಟು ತಿಂಗಳ ಮೇಲೆ ಧಾರವಾಡದ ಒಂದು ಗ್ರಂಥಾಲಯದಲ್ಲಿ ಆ ಲೇಖನ ಅವಳ ಕೈಗೆ ಸಿಕ್ಕಿತು. ಹೊರದೇಶದ ದೊಡ್ಡ ಪತ್ರಿಕೆ. ಹೆಸರು ಶಂಭುಲಿಂಗಪ್ಪನದೊಂದೇ. ಹರಳಿಗೆ ಹೊಳಪು ಕೊಡುತ್ತಿದ್ದ ಸಿರಾಜುದ್ದೀನನಿಗೆ ಕೂಡ ಕಡೆಯಲ್ಲಿ ಕೃತಜ್ಞತೆ ಹೇಳಿದ್ದ. ಗುರವ್ವನ ಹೆಸರು ದೀಪ ಹಿಡಿದು ಹುಡುಕಿದರೂ ಇರಲಿಲ್ಲ. ಮೇಲಾಗಿ ಒಂದು ಸಾಲು: ಮಾದರಿಗಳನ್ನು ಕತ್ತರಿಸಿ, ಗುರುತು ಹಾಕಿ, ಅಳತೆ ಮಾಡಿದ್ದು ಸ್ವತಃ ಲೇಖಕನೇ. ಮೊದಲ ಪುಟಕ್ಕೆ ಅವಳು ಅತ್ತಳು. ಮೂರನೆಯ ಪುಟಕ್ಕೆ ಅಳು ನಿಂತಿತು. ಐದನೆಯ ಪುಟಕ್ಕೆ ಎಷ್ಟು ಜೋರಾಗಿ ನಕ್ಕಳೆಂದರೆ ಗ್ರಂಥಾಲಯದ ಜವಾನ ಎದ್ದು ಬಂದು ನೋಡಿದ.

ತೊಗಲಿನ ಅಣುಗಳು ಹರಿವಿಗೆ ಅಡ್ಡವಾಗಿ ಮಲಗಿವೆ ಎಂದು ಬರೆದಿದ್ದ ಪುಣ್ಯಾತ್ಮ! ಜಗತ್ತು ಇದುವರೆಗೆ ತಿಳಿದದ್ದೆಲ್ಲ ತಪ್ಪು, ಮೈ ಒಂದು ಕಡೆ ಮಲಗಿದರೆ ತೊಗಲು ಇನ್ನೊಂದು ಕಡೆ ಮಲಗುತ್ತದೆ, ಇದು ಹೊಸ ಶೋಧ ಎಂದು ಹನ್ನೊಂದು ಪುಟ ಗೀಚಿದ್ದ. ಗುಡಗೇರಿಯ ಕಾಳಿನ ಪೇಟೆಯಲ್ಲಿ ಚೀಲಕ್ಕೆ ಬಣ್ಣದ ಗೆರೆ ಎಳೆಯುವುದು ಬಾಯಿಂದ ತಳಕ್ಕೆ, ಉದ್ದಕ್ಕೆ. ಅಲ್ಲಿ ಹುಟ್ಟಿ ಬೆಳೆದವನಿಗೆ ಗೆರೆ ಎಂದರೆ ಉದ್ದ. ಅವನು ಗುರವ್ವನ ಕೆಂಪು ಗೆರೆಯನ್ನೇ ಹರಿವಿನ ದಿಕ್ಕೆಂದು ಓದಿಕೊಂಡಿದ್ದ.

ಗುರವ್ವ ಅಂದೇ ಒಂದು ಅಂತರ್ದೇಶೀಯ ಪತ್ರ ಕೊಂಡಳು. ಅವನಿಗೆ ಎರಡು ಸಾಲು ಬರೆದರೆ ಮುಗಿಯುತ್ತಿತ್ತು. ಬರೆಯಲಿಲ್ಲ. ಏರಲಿ, ಎಷ್ಟು ಮೇಲೆ ಏರುತ್ತಾನೋ ಏರಲಿ ಎಂದುಕೊಂಡಳು. ಅವನು ಏರಿದ. ವಿಮಾನ ಹತ್ತಿದ, ಹಾರ ಹಾಕಿಸಿಕೊಂಡ, ಬಹುಮಾನ ಹಿಡಿದುಕೊಂಡು ಹಲ್ಲು ಕಿರಿದ ಫೋಟೋ ಪೇಪರಿನಲ್ಲಿ ಬಂತು. ಆ ಫೋಟೋ ಕತ್ತರಿಸಿ ಅಪ್ಪನ ಹಳೆಯ ಹತ್ತಿ ಪೆಟ್ಟಿಗೆಯಲ್ಲಿ ಫಲಕದ ಜೊತೆ ಇಟ್ಟಳು. ಮನಸ್ಸು ಕಹಿಯಾದ ದಿನ ತೆಗೆದು ನೋಡುತ್ತಿದ್ದಳು. ನೋಡಿದರೆ ಊಟ ರುಚಿಸುತ್ತಿತ್ತು.

ಅದೇ ಮುಖ ಈಗ ಬಾಗಿಲಲ್ಲಿ ನಿಂತಿತ್ತು. ಸ್ವಲ್ಪ ಇಳಿದಿತ್ತು, ಗಡ್ಡ ಬೋಳಿಸಿರಲಿಲ್ಲ.

"ಬರ್ರಿ ಸರ. ಕೂಡ್ರಿ" ಅಂದಳು ಗುರವ್ವ.

ಈರಬಸಪ್ಪ ಕಟ್ಟೆಯ ಮೇಲೆ ಕೂತು ರೂಢಿಯಂತೆ ಚಿಟಿಕೆ ಹತ್ತಿಯನ್ನು ಎಳೆದು ಮಡಿಸುತ್ತಿದ್ದ. "ಯಾರವ್ವಾ?" ಅಂದ.

"ನಮ್ಮ ಮುಂಬಯಿ ಸರ, ಅಪ್ಪಾ. ಗುಡಗೇರಿಯವ್ರು."

"ಓಹೋ, ಕಾಳಿನ ಮಂದಿ. ಬರ್ರಿ, ಬರ್ರಿ."

ಶಂಭುಲಿಂಗಪ್ಪ ನೀರು ಕುಡಿದ, ಕಣ್ಣಿನ ಆಪರೇಶನ್ನಿನ ಬಗ್ಗೆ ಕೇಳಿದ, ಅಣ್ಣಿಗೇರಿಯ ಹತ್ತಿಯನ್ನು ಹೊಗಳಿದ. ಕಡೆಗೆ ಅವನೇ ದಾರಿಗೆ ಬಂದ.

"ನೋಡ್ ಗುರವ್ವ, ಆಗಿದ್ದು ಆತು. ಹೊರದೇಶದ ಎರಡು ಲ್ಯಾಬಿನವ್ರು ನಮ್ಮ ಅಳತಿ ಮತ್ತ ಮಾಡಿ ನೋಡ್ಯಾರ. ಬರವಲ್ದಂತ. ಅಗದಿ ಉಲ್ಟಾ ಬರ್ತೈತಂತ. ನನ್ನ ಹುಡುಗೂರು ಮಾಡಿದ್ರೂ ಹಂಗ ಬಂತು. ಬರೂ ತಿಂಗಳ ಹತ್ತನೇ ತಾರೀಖ ಸಂಸ್ಥಾದಾಗ ವಿಚಾರಣಾ ಐತಿ. ನಿನ್ನ ಬಿಲ್ಲೆಗೊಳಷ್ಟ ಹಿಂಗ್ಯಾಕ ಅಂತ ಕೇಳಿದ್ರ ನಾ ಏನ್ ಹೇಳ್ಲಿ? ನೀ ಅವಕ್ಕ ಏನ್ ಮಾಡಿದ್ದಿ? ಹೊಳಪು ಅಡ್ಡ ಕೊಟ್ಟಿದ್ದೇನು? ಹೇಳಿಬಿಡು. ಮುಂದಿನ ಲೇಖನದಾಗ ನಿನ್ನ ಹೆಸರು ಎರಡನೇದು ಹಾಕ್ತೀನಿ. ಕುರ್ಚಿನೂ ಕೊಡಸ್ತೀನಿ."

"ನಮ್ಮ ಅಳತಿ ಅಂದ್ರಲ್ಲ ಸರ. ಯಾವಾಗಿಂದ ನಮ್ಮದು?"

ಅವನು ಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದ. ಒಂಬತ್ತು ಬಿಲ್ಲೆಗಳು. ಬೆನ್ನ ಮೇಲಿನ ಕೆಂಪು ಗೆರೆಗಳು ಇನ್ನೂ ಅಳಿಸಿರಲಿಲ್ಲ. ಗುರವ್ವ ಬಗ್ಗಿ ನೋಡಿದಳು. ತನ್ನ ಕೈಯ ಗೆರೆಗಳು. ಅಳಬಾರದೆಂದು ಹಲ್ಲು ಕಚ್ಚಿದಳು.

"ನನ್ನ ಯಾಕ ಕೇಳ್ತೀರಿ? ನಮ್ಮಪ್ಪನ್ನ ಕೇಳ್ರಿ" ಅಂದು ಒಂದು ಬಿಲ್ಲೆ ತೆಗೆದು ಅಪ್ಪನ ಅಂಗೈಯಲ್ಲಿಟ್ಟಳು. "ಅಪ್ಪಾ, ಇದರ ಎಳಿ ಯಾ ಕಡಿ ಐತಿ ನೋಡಿ ಹೇಳು."

ಶಂಭುಲಿಂಗಪ್ಪ ತುಟಿಯಂಚಿನಲ್ಲಿ ನಕ್ಕ. ಕಣ್ಣು ಕಾಣದ ಜಿನ್ನಿನ ಮುದುಕ ಅಣುಗಳ ದಿಕ್ಕು ಹೇಳುತ್ತಾನೆ! ಈರಬಸಪ್ಪ ಆ ನಗೆಯನ್ನು ಕಾಣಲಿಲ್ಲ. ಬಿಲ್ಲೆಯ ನಾಲ್ಕೂ ಅಂಚುಗಳಿಗೆ ಹೆಬ್ಬೆರಳು ಸವರಿದ. ಒಂದು ಅಂಚಿನಲ್ಲಿ ನಿಂತ. ಸೊಂಟದ ಚಾಕುವಿನ ತುದಿಯನ್ನು ಅಲ್ಲಿ ಊರಿ ಉಗುರಿನಿಂದ ಹಿಡಿದು ಎಳೆದ. ಕಬ್ಬಿನ ಸಿಪ್ಪೆ ಬರುವ ಹಾಗೆ ತೊಗಲಿನ ಒಂದು ಸೀಳು ಉದ್ದಕ್ಕೆ ಎದ್ದು ಬಂತು.

"ಎಳಿ ಈ ಕಡಿ ಐತಿ" ಅಂದ. ಬಿಲ್ಲೆಯನ್ನು ಮಗುಚಿ ಮಬ್ಬು ಕಣ್ಣಿನ ಹತ್ತಿರ ಹಿಡಿದು ಕೆಂಪು ಗೆರೆಯನ್ನು ನೋಡಿದ. "ಗುರುತು ಬರೋಬ್ಬರಿ ಐತಿ. ಎಳಿಗೆ ಅಡ್ಡ ಗೆರಿ. ಇದನ್ನ ನಮ್ಮ ಗುರವ್ವನ ಹಾಕಿರಬೇಕು. ಬ್ಯಾರೇದವ್ರಿಗೆ ಇಷ್ಟು ಚೊಲೋ ಬರಂಗಿಲ್ಲ."

"ಅಡ್ಡ?" ಅಂದ ಶಂಭುಲಿಂಗಪ್ಪ.

"ಮತ್ತ? ಗೆರಿ ಉದ್ದಕ್ಕ ಯಾರ್ ಎಳೀತಾರ್ರೀ? ಅದೇನ್ ಜ್ವಾಳದ ಚೀಲ ಅಲ್ಲಲ್ಲ."

ಗುರವ್ವ ಒಳಗೆ ಹೋಗಿ ಹತ್ತಿ ಪೆಟ್ಟಿಗೆ ತಂದು ಆ ಇಡೀ ಫಲಕವನ್ನು ಅವನ ತೊಡೆಯ ಮೇಲೆ ಇಟ್ಟಳು. ಅದರ ಒಂದು ತುದಿಗೆ ಅಚ್ಚಿನ ಬಾಯಿಯಲ್ಲಿ ಹೆಪ್ಪುಗಟ್ಟಿದ ಮೊಂಡು ತುಂಡು ಇನ್ನೂ ಅಂಟಿಕೊಂಡಿತ್ತು. ಪಾಲಿಮರ್ ಎಲ್ಲಿಂದ ಒಳಗೆ ಹರಿಯಿತು ಎನ್ನುವುದಕ್ಕೆ ಇನ್ನೊಂದು ಸಾಕ್ಷಿ ಬೇಕಿರಲಿಲ್ಲ. ಬೆನ್ನ ಮೇಲೆ ಕತ್ತರಿಸದ ಚೌಕಗಳು, ಪ್ರತಿ ಚೌಕದಲ್ಲಿ ಒಂದು ಕೆಂಪು ಗೆರೆ. ಎಲ್ಲವೂ ಹರಿವಿಗೆ ಅಡ್ಡ. ಶಂಭುಲಿಂಗಪ್ಪ ಬಾಯಿಯ ತುಂಡನ್ನು ಮುಟ್ಟಿದ, ಗೆರೆಯನ್ನು ಮುಟ್ಟಿದ, ಮತ್ತೆ ತುಂಡನ್ನು ಮುಟ್ಟಿದ. ಅವನ ಕಿವಿಯ ಹಾಲೆಗಳು ಬೆಳ್ಳಗಾದವು. ಗುರವ್ವ ಕಣ್ಣು ಮಿಟುಕಿಸದೆ ನೋಡಿದಳು. ಎರಡು ವರ್ಷ ಕಾದದ್ದು ಇದಕ್ಕೇ.

ಆದರೆ ಅವನು ಬೇಗ ಸುಧಾರಿಸಿಕೊಂಡ. ಮಾತಿನ ಜಾಣ ಎಂದು ಮೊದಲೇ ಹೇಳಿದೆನಲ್ಲ.

"ಹಂಗಾದ್ರ ತಪ್ಪು ನಿಂದ! ದುನಿಯಾ ಎಲ್ಲಾ ಹರಿವಿನ ಗುಂಟ ಗುರುತು ಹಾಕ್ತೈತಿ. ವಿದ್ಯಾರ್ಥಿನಿ ಗುರುತು ತಪ್ಪು ಹಾಕಿದ್ಲು ಅಂತ ಇವತ್ತ ಪತ್ರಿಕಾಕ್ಕ ಬರೀತೀನಿ."

"ಬರೀರಿ" ಅಂದಳು ಗುರವ್ವ. ಕಾಗದ ತಂದಳು, ಪೆನ್ನು ತಂದಳು, ಬರೆಯಲು ಅಪ್ಪನ ಹತ್ತಿ ಹಾಸುವ ಹಲಗೆಯನ್ನೂ ತಂದುಕೊಟ್ಟಳು.

ಅವನು ತಾರೀಖು ಬರೆದ. ಮಾನ್ಯರೇ ಎಂದು ಇಂಗ್ಲಿಷಿನಲ್ಲಿ ಬರೆದ. ಅಲ್ಲಿ ಪೆನ್ನು ನಿಂತಿತು.

"ಯಾಕ ನಿಂತ್ರಿ? ಗುರುತು ಹಾಕಿದ್ದು ಸ್ವತಃ ಲೇಖಕನ ಅಂತ ಆ ಪತ್ರಿಕಾದಾಗ ನೀವ ಅಚ್ಚು ಹಾಕ್ಸೀರಿ. ನಾಕನೇ ಪುಟ, ಎರಡನೇ ಪ್ಯಾರಾ. ನನಗ ಬಾಯಿಪಾಠ ಐತಿ. ಗುರುತು ನಿಮ್ಮದ ಅಂದ್ರ, ತಾನ ಎಳೆದ ಗೆರಿ ಯಾ ಕಡಿ ಐತಿ ಅಂತ ಗೊತ್ತಿಲ್ಲದ ದಡ್ಡ ನೀವು. ಗುರುತು ನಂದಂದ್ರ, ನನ್ನ ಕೆಲಸ ಕದ್ದ ಕಳ್ಳ ನೀವು. ಎರಡರಾಗ ಯಾವುದು ಬೇಕೋ ಅದನ್ನ ಬರೀರಿ ಸರ. ನನ್ನದೇನೂ ತಕರಾರಿಲ್ಲ."

ಓಣಿಯಲ್ಲಿ ಹತ್ತಿ ತುಂಬಿದ ದೊಡ್ಡ ಚೀಲದ ಅಂಡಿಗೆಗಳನ್ನು ಹೇರಿದ ಚಕ್ಕಡಿಗಳು ಜಿನ್ನಿನ ಕಡೆ ಹೋಗುತ್ತಿದ್ದವು. ಶಂಭುಲಿಂಗಪ್ಪ ಪೆನ್ನು ಕೆಳಗಿಟ್ಟ. ಅವನು ಒಮ್ಮೆ ಅವಳನ್ನು ಅಂಗಲಾಚಿದ, ಒಮ್ಮೆ ಗದರಿಸಿದ, ಗುಡಗೇರಿ ಅಣ್ಣಿಗೇರಿ ಏನು ದೂರ, ನಾವು ನಾವೇ ಅಲ್ಲವೇ ಎಂದ. ಗುರವ್ವ ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತೇ ಇದ್ದಳು. ಕಡೆಗೆ ಅವನು ಬರೆದ. ಬಿಲ್ಲೆಗಳನ್ನು ತಯಾರಿಸಿದ್ದು, ಗುರುತು ಹಾಕಿದ್ದು, ಅಳೆಯುವ ವಿಧಾನ ಕಂಡುಹಿಡಿದದ್ದು, ಅಳತೆ ಮಾಡಿದ್ದು ಎಲ್ಲವೂ ಅಣ್ಣಿಗೇರಿಯ ಕುಮಾರಿ ಗುರವ್ವ ಈರಬಸಪ್ಪ ಅವರದು, ಅವರ ಹೆಸರು ಹಾಕದೆ ಇದ್ದದ್ದು ನನ್ನ ಅಪರಾಧ, ಅವರು ಹಾಕಿದ ಗುರುತನ್ನು ಕೇಳಿ ತಿಳಿಯದೆ ಓದಿದ್ದರಿಂದ ಫಲಿತಾಂಶ ತಲೆಕೆಳಗಾಗಿದೆ ಎಂದು ಬರೆದ. ಕಳ್ಳ ಎನಿಸಿಕೊಳ್ಳಲು ಒಪ್ಪಿದ, ಬರೀ ದಡ್ಡ ಎನಿಸಿಕೊಳ್ಳಲು ಒಪ್ಪಲಿಲ್ಲ. ಕೆಲವರ ಮಾನ ಎಲ್ಲಿರುತ್ತದೆಂದು ಹೇಳಲು ಬರುವುದಿಲ್ಲ.

ಗುರವ್ವ ಕಾಗದವನ್ನು ಇಸಿದುಕೊಂಡು ಕನ್ನಡದಲ್ಲಿ ಅಪ್ಪನಿಗೆ ಓದಿ ಹೇಳಿದಳು. ಅಪ್ಪ ಹಿಗ್ಗುತ್ತಾನೆ ಎಂದುಕೊಂಡಿದ್ದಳು. ಅವನು ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟ.

"ಇವ್ರು ತಪ್ಪು ಓದ್ಯಾರಂತ ನಿನಗ ಯಾವಾಗ ಗೊತ್ತಾತು?"

"ಅಚ್ಚಾದಾಗ. ಎರಡು ವರ್ಷಾತು."

"ಎರಡು ವರ್ಷ ತಪ್ಪು ಗುರುತಿನ ಅಂಡಿಗಿ ಪ್ಯಾಟ್ಯಾಗ ಓಡ್ಯಾಡಿತು. ನೀ ನೋಡಿ ಸುಮ್ಮಕಿದ್ದಿ."

"ಹೌದು. ಇದ್ದೆ."

"ನಾ ನಲವತ್ತು ವರ್ಷದಾಗ ಒಂದು ಅಂಡಿಗಿನೂ ಹಂಗ ಬಿಟ್ಟಾಂವಲ್ಲ. ನನ್ನ ವೈರಿದಿದ್ರೂ ಬಿಟ್ಟಿಲ್ಲ. ನಿನ್ನ ಹೆಸರು ಅದರಾಗ ಹೋಗೂದಾದ್ರ ಇದನ್ನೂ ಬರಿ."

ಗುರವ್ವನ ಮುಖಕ್ಕೆ ರಕ್ತ ಏರಿತು. ಈ ದಿನ ಕೂಡ ತನ್ನದೇ ತಪ್ಪೇ? ಅಪ್ಪನಿಗೆ ಏನು ಗೊತ್ತು, ಮೇಜಿನ ಮೇಲಿನ ಆ ಊಟದ ಡಬ್ಬಿ, ಆ ನಾಲ್ಕು ಮಾತು! ಒಂದು ಗಳಿಗೆ ಕಾಗದವನ್ನು ಹಾಗೇ ಮಡಿಸಿ ಬಿಡಬೇಕು ಅನ್ನಿಸಿತು. ಆಮೇಲೆ ಶಂಭುಲಿಂಗಪ್ಪನನ್ನು ನೋಡಿದಳು. ಅವನು ಕತ್ತು ತಗ್ಗಿಸಿ ಬಿಲ್ಲೆಗಳ ಡಬ್ಬಿಯ ಮುಚ್ಚಳ ಹಾಕುತ್ತಿದ್ದ, ಅಪ್ಪಮಗಳ ಈ ಮಾತು ಅವನ ಕಿವಿಗೆ ಬಿದ್ದಂತಿರಲಿಲ್ಲ. ತಾನು ಏನೋ ಒಂದು ಆಕಸ್ಮಿಕಕ್ಕೆ ಸಿಕ್ಕಿಬಿದ್ದೆ, ಇಂದೇ ಇವಳಿಗೂ ಗೊತ್ತಾಯಿತು ಎಂದು ತಿಳಿದಿದ್ದಾನೆ, ಬಾಯಿಪಾಠ ಎಂದದ್ದರ ಅರ್ಥವೂ ಅವನಿಗೆ ಹೊಳೆದಿಲ್ಲ. ಹಾಗೆ ತಿಳಿದುಕೊಂಡೇ ಗಾಡಿ ಹತ್ತುತ್ತಾನೆ. ಅದನ್ನು ಮಾತ್ರ ಅವಳು ಸಹಿಸಲಾರಳು.

ಹಲಗೆ ಎಳೆದುಕೊಂಡು ಅವನ ಸಹಿಯ ಕೆಳಗೆ ತನ್ನ ಕೈಯಿಂದ ಎರಡು ಸಾಲು ಬರೆದಳು, ಸಹಿ ಹಾಕಿದಳು. "ಅಪ್ಪ ಕೇಳಬೇಕು ಸರ. ಜ್ವಾರ್‌ಲೆ ಓದ್ರಿ, ನಮ್ಮ ಭಾಷಾದಾಗ" ಅಂದು ಅವನಿಗೆ ಕೊಟ್ಟಳು.

ಅವನು ಓದಿದ: "ಈ ತಪ್ಪು, ಲೇಖನ ಓದಿದ ದಿನವೇ ನನಗೆ ತಿಳಿದಿತ್ತು. ಎರಡು ವರ್ಷ ಬೇಕೆಂದೇ..." ಅಲ್ಲಿಗೆ ದನಿ ನಿಂತಿತು. ಮುಂದಿನ ಮಾತನ್ನು ತುಟಿ ಅಲ್ಲಾಡಿಸಿ ಓದಿಕೊಂಡ. ತಲೆ ಎತ್ತಿದ.

"ನಾ ಬಹುಮಾನ ತೊಗೊಂಡಾಗನೂ ನಿನಗ ಗೊತ್ತಿತ್ತು?"

"ಗೊತ್ತಿತ್ತು. ಫೋಟೋ ಇಟ್ಕೊಂಡೀನಿ, ತೋರಿಸ್ಲೇನು?"

"ಒಂದ್ ಕಾರ್ಡು ಹಾಕಿದ್ರ..." ಅವನ ದನಿ ಒಡೆಯಿತು. "ಎರಡು ಸಾಲು ಗುರವ್ವ. ಬರೀ ಎರಡು ಸಾಲು ಬರೆದಿದ್ರ ನಾ ಉಳೀತಿದ್ದೆ."

"ಈ ಗೆರಿ ಏನಂತ ಒಂದ್ ಮಾತು ಕೇಳಿದ್ರ ನಾ ಅವತ್ತ ಹೇಳ್ತಿದ್ದೆ ಸರ" ಅಂದಳು ಗುರವ್ವ. "ಕೇಳಬೇಕಂದ್ರ ನಾ ಅಲ್ಲಿ ಇರಬೇಕಾಗಿತ್ತು."

ಅವನು ಕಾಗದವನ್ನು ಹಲಗೆಯ ಮೇಲಿಟ್ಟ. ಈರಬಸಪ್ಪ ಕೈ ಚಾಚಿ ಕಾಗದವನ್ನು ತೆಗೆದುಕೊಂಡು, ಹೆಬ್ಬೆರಳಿನಿಂದ ಮಡಿಕೆ ತೀಡಿ ಮಗಳಿಗೆ ಕೊಟ್ಟ. ಹನ್ನೆರಡೂವರೆಗೆ ಹುಬ್ಬಳ್ಳಿಯ ಕಡೆ ಒಂದು ಗಾಡಿ ಇದೆ ಎಂದು ಬಂದವನಿಗೆ ಹೇಳಿದ. ಮರುದಿನ ಶಾಲೆಗೆ ಹೋಗುವಾಗ ಗುರವ್ವ ಪೋಸ್ಟಾಫೀಸಿನಲ್ಲಿ ಆ ಪತ್ರಿಕೆಯ ವಿಳಾಸದ ಲಕೋಟೆಗೆ ತಾನೇ ಅಂಟು ಹಚ್ಚಿ ರಜಿಸ್ಟರ್ ಮಾಡಿಸಿದಳು, ರಸೀದಿಯನ್ನು ತಂದು ಹತ್ತಿ ಪೆಟ್ಟಿಗೆಯಲ್ಲಿ ಆ ಫೋಟೋದ ಮೇಲೆ ಇಟ್ಟಳು.